ಅಡುಗೆ ಕಟ್ಟೆಯ ಕರಿ ಕಲ್ಲಿಗೂ ಸಮುದ್ರದಡಿಯ ಕಲ್ಲಿಗೂ ಸಂಬಂಧ ಇದೆಯಂತೆ, ಹೌದೇನ್ರೀ?

ಫರ್ಸಿ ಕಾಕಾ, ಕಲಬುರಗಿ
ಎಲ್ಲರಿಗೂ ಶರಣು. ನಾನು ಕಲ್ಲಿನ ಕೆಲಸದವನು. ಮೂವತ್ತು ವರ್ಷದಿಂದ ಶಹಾಬಾದ್ ಫರ್ಸಿ ಹಾಸುತ್ತೇನೆ, ಅಡುಗೆ ಕಟ್ಟೆಗೆ ಗ್ರಾನೈಟ್ ಕೂರಿಸುತ್ತೇನೆ. ಓದಿದ್ದು ಏಳನೇ ಕ್ಲಾಸು.

ನಮ್ಮ ಅಣ್ಣನ ಮಗಳು ಪಿಯುಸಿ ಓದುತ್ತಾಳೆ. ಮೊನ್ನೆ ಅಂಗಡಿಗೆ ಬಂದು, "ಕಾಕಾ, ನೀವು ಮಾರುವ ಬ್ಲ್ಯಾಕ್ ಗ್ಯಾಲಕ್ಸಿ ಗ್ರಾನೈಟೇ ಅಲ್ಲ, ಗ್ಯಾಬ್ರೊ. ಸಮುದ್ರದ ನೆಲದ ಅಡಿಯಲ್ಲಿ ಇದೇ ಜಾತಿಯ ಕಲ್ಲು ಕಿಲೋಮೀಟರ್‌ಗಟ್ಟಲೆ ದಪ್ಪ ಇದೆ" ಅಂದಳು. ಗಿರಾಕಿ ಎದುರಿಗೇ ಅಂದಳು, ಅದು ಬೇರೆ ಮಾತು.

ನನ್ನ ಪ್ರಶ್ನೆ ಇಷ್ಟೇ. ಇದು ನಿಜವಾ? ನಿಜ ಆದರೆ, ನೀರಿನಡಿ, ನೆಲದಡಿ ಇರುವ ಕಲ್ಲು ಎಷ್ಟು ಭಾರ, ಎಷ್ಟು ಗಟ್ಟಿ ಅಂತ ಹೇಗೆ ಹೇಳುತ್ತಾರೆ? ಕೈಯಲ್ಲಿ ಹಿಡಿಯದೆ ನಾನಂತೂ ಯಾವ ಕಲ್ಲಿನ ಬಗ್ಗೆಯೂ ಮಾತಾಡುವುದಿಲ್ಲ.

ತೊಗರಿ ಹೊಲ, ಸೇಡಂ
ಕಾಕಾ, ಗಿರಾಕಿ ಹೋದನಾ ಉಳಿದನಾ ಮೊದಲು ಹೇಳಿ.

ಫರ್ಸಿ ಕಾಕಾ, ಕಲಬುರಗಿ
ಉಳಿದ. ಗ್ರಾನೈಟ್ ಅಲ್ಲ ಅಂದರೆ ಅಡಿಗೆ ಹತ್ತು ರೂಪಾಯಿ ಕಮ್ಮಿ ಮಾಡಿ ಅಂದ.

ಯಾದಗಿರಿ ಗುಡ್ಡ
ಕಾಕಾ, ನಾನು ಭೂಗರ್ಭಶಾಸ್ತ್ರ ಓದಿದವಳು. ಈಗ ಅಂತರ್ಜಲದ ಕೆಲಸದಲ್ಲಿದ್ದೇನೆ. ನಿಮ್ಮ ಅಣ್ಣನ ಮಗಳು ಹೇಳಿದ್ದು ಮುಕ್ಕಾಲು ಸರಿ.

ಕಲ್ಲಿನ ಅಂಗಡಿಯಲ್ಲಿ ಕಪ್ಪಗೆ, ಗಟ್ಟಿಯಾಗಿ, ಪಾಲಿಶ್ ಬರುವ ಎಲ್ಲವೂ "ಬ್ಲ್ಯಾಕ್ ಗ್ರಾನೈಟ್". ಭೂಗರ್ಭದವರ ಲೆಕ್ಕದಲ್ಲಿ ಅದರಲ್ಲಿ ಹೆಚ್ಚಿನದು ಡಾಲರೈಟ್ ಇಲ್ಲವೇ ಗ್ಯಾಬ್ರೊ. ಆಂಧ್ರದ ಚೀಮಕುರ್ತಿಯಿಂದ ಬರುವ ಬ್ಲ್ಯಾಕ್ ಗ್ಯಾಲಕ್ಸಿ ಗ್ಯಾಬ್ರೊ ಕುಟುಂಬದ್ದೇ. ಅದರಲ್ಲಿ ಮಿಂಚುವ ಚುಕ್ಕಿಗಳು ಬಂಗಾರ ಅಲ್ಲ, ಬ್ರಾಂಜೈಟ್ ಅನ್ನುವ ಖನಿಜ. ಆದರೆ ಅದು ಸಮುದ್ರದ ಕಲ್ಲಲ್ಲ. ಭೂಖಂಡದೊಳಗೆ ನುಗ್ಗಿ ತಣ್ಣಗಾದ ಕಲ್ಲು. ಸಮುದ್ರದಡಿಯ ಗ್ಯಾಬ್ರೊಗೆ ದೂರದ ದಾಯಾದಿ ಅನ್ನಿ.

ಸಮುದ್ರದ ತೊಗಟೆ ಸುಮಾರು 6–7 ಕಿ.ಮೀ. ದಪ್ಪ. ಮೇಲೆ ಕೆಸರು. ಅದರ ಕೆಳಗೆ ನೀರಿಗೆ ಬಿದ್ದು ದಿಂಬಿನ ಹಾಗೆ ಉಬ್ಬಿ ಗಟ್ಟಿಯಾದ ಲಾವಾ, ಅಂದರೆ ಬಸಾಲ್ಟ್. ಅದರ ಕೆಳಗೆ ಪುಸ್ತಕ ನಿಲ್ಲಿಸಿದ ಹಾಗೆ ಒತ್ತೊತ್ತಾಗಿ ನಿಂತ ಡೈಕುಗಳು, ಅಂದರೆ ಕರಗಿದ ಕಲ್ಲು ಬಿರುಕಿನಲ್ಲಿ ಏರಿ ಗಟ್ಟಿಯಾದ ಗೋಡೆಗಳು. ಇವೆಲ್ಲ ಸೇರಿ ಎರಡು ಕಿ.ಮೀ. ಆಗಬಹುದು. ಉಳಿದ ನಾಲ್ಕೈದು ಕಿ.ಮೀ. ಬಹುಪಾಲು ಗ್ಯಾಬ್ರೊ. ಮೇಲೆ ಬಸಾಲ್ಟ್ ಆದ ಕರಗಿದ ಕಲ್ಲೇ ಕೆಳಗೆ ಗ್ಯಾಬ್ರೊ ಆಗುತ್ತದೆ. ಮೇಲಿನದು ಥಟ್ಟನೆ ತಣಿದು ಸಣ್ಣ ಕಣ ಆಯಿತು. ಕೆಳಗಿನದು ನಿಧಾನ ತಣಿದು ದೊಡ್ಡ ಹರಳು ಆಯಿತು. ಬೆಲ್ಲದ ಪಾಕ ತಟ್ಟೆಗೆ ಸುರಿದದ್ದಕ್ಕೂ ಪಾತ್ರೆಯಲ್ಲೇ ಬಿಟ್ಟು ಮರೆತದ್ದಕ್ಕೂ ಇರುವ ವ್ಯತ್ಯಾಸ.

ತೊಗರಿ ಹೊಲ, ಸೇಡಂ
ಮೇಡಂ, ನಮ್ಮ ಸೇಡಂ, ಚಿತ್ತಾಪುರದ ಸುಣ್ಣದ ಕಲ್ಲು ಸಮುದ್ರದಲ್ಲಿ ಆದದ್ದು ಅಂತ ಕೇಳಿದ್ದೇನೆ. ಹಾಗಾದರೆ ನಮ್ಮ ಸಿಮೆಂಟ್ ಗಣಿ ಕೆಳಗೂ ಗ್ಯಾಬ್ರೊ ಇರಬೇಕಲ್ವಾ?

ಯಾದಗಿರಿ ಗುಡ್ಡ
ಇಲ್ಲ. ಅದು ಆಳವಿಲ್ಲದ ಸಮುದ್ರ. ಭೂಖಂಡದ ಮೇಲೆಯೇ ನೀರು ಏರಿ ನಿಂತಿದ್ದ ಕಾಲದ್ದು. ಭೀಮಾ ಕೊಳ್ಳದ ಸುಣ್ಣದ ಕಲ್ಲಿನ ಕೆಳಗೆ ಇರುವುದು ಯಾದಗಿರಿ ಕೋಟೆ ಗುಡ್ಡದಲ್ಲಿ ಕಾಣುವಂಥ ಗ್ರಾನೈಟ್, ಮತ್ತೆ ನೈಸ್ ಅನ್ನುವ ಪಟ್ಟೆ ಕಲ್ಲು. ನಿಜವಾದ ಸಾಗರದ ತೊಗಟೆ ಬೇರೆಯೇ. ಈಗ ಸಾಗರಗಳಲ್ಲಿ ಇರುವ ಅದರ ಬಹುಪಾಲು 18 ಕೋಟಿ ವರ್ಷಕ್ಕಿಂತ ಹಳೆಯದಲ್ಲ. ಅಷ್ಟರೊಳಗೆ ಮತ್ತೆ ಭೂಮಿಯೊಳಗೆ ಇಳಿದುಬಿಡುತ್ತದೆ.

ಹಾಗೆಯೇ ಬೀದರ್, ಆಳಂದ ಕಡೆಯ ಕರಿ ಬಸಾಲ್ಟೂ ಸಾಗರದ್ದಲ್ಲ. ಸುಮಾರು 6.6 ಕೋಟಿ ವರ್ಷದ ಹಿಂದೆ ಒಣ ನೆಲದ ಮೇಲೆ ಹರಿದ ದಖ್ಖನ್ ಲಾವಾ.

ಬೀದರ್ ಸುರಂಗ
ಮಾತು ಸಾಕು, ತೂಕ ಹಾಕೋಣ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಮಕ್ಕಳಿಂದ ಮಾಡಿಸುವ ವಿಧಾನ ಇದು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ನೀರು ತುಂಬಿದ ಡಬ್ಬಿ ಇಡಿ. ತಕ್ಕಡಿ ಸೊನ್ನೆ ಮಾಡಿ. ಕಲ್ಲನ್ನು ದಾರಕ್ಕೆ ಕಟ್ಟಿ ನೀರಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೆ ತಾಗಿಸಬೇಡಿ, ಅಂಚಿಗೂ ತಾಗಿಸಬೇಡಿ. ತಕ್ಕಡಿ ಎಷ್ಟು ಗ್ರಾಂ ತೋರಿಸುತ್ತದೋ ಅಷ್ಟೇ ಘನ ಸೆಂಟಿಮೀಟರ್ ಕಲ್ಲಿನ ಗಾತ್ರ. ಒಣ ತೂಕವನ್ನು ಇದರಿಂದ ಭಾಗಿಸಿ, ಬರುವುದೇ ಸಾಂದ್ರತೆ. ಮುಗಿಯಿತು.

ಫರ್ಸಿ ಕಾಕಾ, ಕಲಬುರಗಿ
ಮಾಡಿದೆವು ಸರ್. ನಾನೂ ಅಣ್ಣನ ಮಗಳೂ. ಅಂಗಡಿಯ ಹಿಂದೆ ಕಟಿಂಗ್ ತುಂಡುಗಳಿಗೇನು ಬರ.

ಬ್ಲ್ಯಾಕ್ ಗ್ಯಾಲಕ್ಸಿ ತುಂಡು 1206 ಗ್ರಾಂ, ಗಾತ್ರ 402. ಅಂದರೆ 3.00. ಶಹಾಬಾದ್ ಫರ್ಸಿ 950 ಗ್ರಾಂ, ಗಾತ್ರ 354. ಅಂದರೆ 2.68. ಮೂವತ್ತು ವರ್ಷ ಎತ್ತಿದ ಬೆನ್ನಿಗೆ ಈ ವ್ಯತ್ಯಾಸ ಮೊದಲೇ ಗೊತ್ತಿತ್ತು, ಈಗ ಲೆಕ್ಕ ಸಿಕ್ಕಿತು.

ಬೀದರಿನ ಕೆಂಪು ಕಲ್ಲು ಮಾತ್ರ ಮೋಸ ಮಾಡುತ್ತಿದೆ. ಮುಳುಗಿಸಿದ ಕೂಡಲೇ ಗುಳುಗುಳು ಅಂತ ಗುಳ್ಳೆ ಬಿಡುತ್ತದೆ. ಅಂಕಿ ನಿಲ್ಲುವುದೇ ಇಲ್ಲ.

ಬೀದರ್ ಸುರಂಗ
ಮೋಸ ಅಲ್ಲ ಕಾಕಾ, ಅದೇ ತಮಾಷೆ! ನಮ್ಮ ಕೋಟೆ ಗೋಡೆ ನೋಡಿದ್ದೀರಲ್ಲ, ಜೇನುಗೂಡಿನ ಹಾಗೆ ತೂತು. ನಮ್ಮೂರಿನ ಹಳೆಯ ಸುರಂಗ ಬಾವಿಗಳಿಗೆ ನೀರು ಜಿನುಗಿದ್ದೂ ಇಂಥ ಕಲ್ಲಿನಿಂದಲೇ. ಒಂದು ರಾತ್ರಿ ಪೂರ್ತಿ ನೆನೆಸಿಡಿ. ಹೊರಗಿನ ನೀರು ಬಟ್ಟೆಯಿಂದ ಒರೆಸಿ ತೂಗಿ, ಆಮೇಲೆ ಮುಳುಗಿಸಿ.

ಫರ್ಸಿ ಕಾಕಾ, ಕಲಬುರಗಿ
ಕೆಂಪು ಕಲ್ಲು: ಒಣಗಿದ್ದಾಗ 840, ನೆನೆದ ಮೇಲೆ 930, ಗಾತ್ರ 380. ಹುಡುಗಿ ಲೆಕ್ಕ ಹಾಕಿದಳು. ಒಳಗೆ 90 ಗ್ರಾಂ ನೀರು ಹೋಗಿದೆ, ಅಂದರೆ ನೂರಕ್ಕೆ 24ರಷ್ಟು ಬರೀ ತೂತು. ಗ್ಯಾಲಕ್ಸಿಯನ್ನೂ ರಾತ್ರಿ ನೆನೆಸಿದ್ದೆವು. 1206 ಇದ್ದದ್ದು 1207 ಆಯಿತು. ಆ ಒಂದು ಗ್ರಾಂ ತಕ್ಕಡಿಯದೋ ಕಲ್ಲಿನದೋ ದೇವರೇ ಬಲ್ಲ.

ಯಾದಗಿರಿ ಗುಡ್ಡ
ಬಹಳ ಚೆನ್ನಾಗಿ ಮಾಡಿದ್ದೀರಿ. ಸಮುದ್ರದಡಿಯ ಕಲ್ಲು ಕೊರೆದು ತರುವ ಹಡಗಿನ ಲ್ಯಾಬಿನಲ್ಲೂ ತತ್ವ ಇದೇ. ಅಲ್ಲಿ ಕಲ್ಲಿನ ಸಣ್ಣ ತುಂಡನ್ನು ಉಪ್ಪುನೀರಲ್ಲಿ ನೆನೆಸಿ ತೂಗುತ್ತಾರೆ. 105 ಡಿಗ್ರಿ ಒಲೆಯಲ್ಲಿ ಒಣಗಿಸಿ ಮತ್ತೆ ತೂಗುತ್ತಾರೆ. ಗಾತ್ರಕ್ಕೆ ನೀರಿನ ಬದಲು ಹೀಲಿಯಂ ಅನಿಲ ಬಳಸುತ್ತಾರೆ, ಅದು ಸಣ್ಣ ಸಂದಿಗೂ ನುಗ್ಗುತ್ತದೆ.

ಸಮುದ್ರದಡಿಯ ತಾಜಾ ಗ್ಯಾಬ್ರೊ ನಿಮ್ಮ ತುಂಡಿನ ಹತ್ತಿರವೇ ಬರುತ್ತದೆ, 2.9ರಿಂದ 3.0. ಅದರ ತೂತಿನ ಪಾಲು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕೂ ಕಮ್ಮಿ. ಆದರೆ ಆ ಒಂದಕ್ಕೂ ಕಮ್ಮಿ ಇದೆಯಲ್ಲ, ಇಡೀ ಕಥೆ ಅದರಲ್ಲೇ ಇದೆ.

ಬೋರ್‌ವೆಲ್ ಬಸ್ಸು, ಆಳಂದ
ಮೊದಲು ಕಲ್ಲು ಮೇಲೆ ತಂದವರು ಯಾರು ಅಂತ ಹೇಳಿ ಅಕ್ಕಾರ. ನಾವು ಇಲ್ಲಿ 500 ಅಡಿ ಹೊಡೆಯುವಷ್ಟರಲ್ಲಿ ಮಾಲೀಕ ನಾಲ್ಕು ಸಲ ದೇವರಿಗೆ ಕಾಯಿ ಒಡೆಸುತ್ತಾನೆ. ಸಮುದ್ರದಲ್ಲಿ ರಿಗ್ ಎಲ್ಲಿ ನಿಲ್ಲಿಸುತ್ತಾರೆ?

ಯಾದಗಿರಿ ಗುಡ್ಡ
ರಿಗ್ ಇರುವುದು ಹಡಗಿನ ಮೇಲೆ ಬಸ್ಸಣ್ಣ. ಜಾಯ್ಡಸ್ ರೆಸಲ್ಯೂಶನ್ ಅನ್ನುವ ಹಡಗು 1985ರಿಂದ 2024ರವರೆಗೆ ಇದೇ ಕೆಲಸ ಮಾಡಿತು. ಲಂಗರು ಇಲ್ಲ. ಸುತ್ತಲಿನ ಪ್ರೊಪೆಲ್ಲರುಗಳನ್ನು ಕಂಪ್ಯೂಟರ್ ನಡೆಸುತ್ತಾ ಹಡಗನ್ನು ಕೊರೆಯುವ ತೂತಿನ ನೆತ್ತಿಯ ಮೇಲೇ ಹಿಡಿದಿರುತ್ತದೆ.

ಗ್ಯಾಬ್ರೊಗೆ ಹೆಸರಾದ ತೂತು 735ಬಿ. ನಮ್ಮ ಹಿಂದೂ ಮಹಾಸಾಗರದಲ್ಲೇ ಇದೆ, ನೈಋತ್ಯ ಹಿಂದೂ ಸಾಗರದ ಏಣು ಅನ್ನುವ ನೀರಡಿಯ ಬೆಟ್ಟಸಾಲಿನ ಪಕ್ಕ, ಅಟ್ಲಾಂಟಿಸ್ ಬ್ಯಾಂಕ್ ಅನ್ನುವ ದಿಬ್ಬದ ಮೇಲೆ. ಅಲ್ಲಿ ದೊಡ್ಡ ಸ್ತರಭಂಗ (ಕಲ್ಲು ಸೀಳಿ ಜಾರಿದ ಬಿರುಕು) ಒಂದು ಮೇಲಿನ ಲಾವಾ, ಡೈಕು ಎಲ್ಲವನ್ನೂ ಪಕ್ಕಕ್ಕೆ ಎಳೆದು ಗ್ಯಾಬ್ರೊವನ್ನು ಬಯಲಿಗೆ ತಂದಿದೆ. ಒಂದು ಕಾಲದಲ್ಲಿ ಅದು ನೀರಿನ ಮಟ್ಟಕ್ಕೇ ಬಂದು, ಅಲೆ ಬಡಿದು ನೆತ್ತಿ ಚಪ್ಪಟೆಯಾಗಿದೆ. ಈಗ ನೀರಿನ ಆಳ ಸುಮಾರು 700 ಮೀಟರ್ ಅಷ್ಟೇ. 1987ರಲ್ಲಿ 500 ಮೀಟರ್ ಕೊರೆದರು. 1997ರಲ್ಲಿ ವಾಪಸ್ ಬಂದು ಅದೇ ತೂತನ್ನು 1508 ಮೀಟರಿಗೆ ಇಳಿಸಿದರು. ಆಮೇಲೆ ಪೈಪ್ ಮುರಿದು ಒಳಗೇ ಉಳಿಯಿತು.

ಬೋರ್‌ವೆಲ್ ಬಸ್ಸು, ಆಳಂದ
ಅಯ್ಯೋ. ರಾಡ್ ಒಳಗೆ ಉಳಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ನನಗೆ ಗೊತ್ತು. ಆ ಮಂದಿಗೆ ನನ್ನದೊಂದು ನಮಸ್ಕಾರ.

ಯಾದಗಿರಿ ಗುಡ್ಡ
ಇನ್ನೊಂದು ತೂತು 1256ಡಿ. ಪೂರ್ವ ಪೆಸಿಫಿಕ್‌ನಲ್ಲಿದೆ. ಅದು ಅಡ್ಡದಾರಿ ಹಿಡಿದದ್ದಲ್ಲ. ಲಾವಾ, ಡೈಕು ಎಲ್ಲ ದಾಟಿಕೊಂಡು 2005ರ ಕೊನೆಗೆ ಗ್ಯಾಬ್ರೊ ಮುಟ್ಟಿತು. ಹಾಗೆ ಮುಟ್ಟಿದ್ದು ಅದೇ ಮೊದಲು.

ತೊಗರಿ ಹೊಲ, ಸೇಡಂ
ಎರಡು ಮೂರು ತೂತು ಕೊರೆದು ಇಡೀ ಸಮುದ್ರದ ಜಾತಕ ಹೇಳುತ್ತಾರೆ ಅಂದರೆ ನಂಬಿಕೆ ಬರುವುದಿಲ್ಲ. ನಮ್ಮ ಹೊಲದಲ್ಲೇ ಈ ಮೂಲೆಯಲ್ಲಿ ಎರೆ, ಆ ಮೂಲೆಯಲ್ಲಿ ಗರಸು.

ಯಾದಗಿರಿ ಗುಡ್ಡ
ಸರಿಯಾದ ಅನುಮಾನ. ಅದಕ್ಕೇ ಅಲೆಗಳನ್ನು ಕಳಿಸಿ ನೋಡುತ್ತಾರೆ. ಹಡಗಿನಿಂದ ನೀರಿನೊಳಗೆ ಗಾಳಿಯ ಪೆಟ್ಟು ಕೊಡುತ್ತಾರೆ. ಆ ಸದ್ದು ನೆಲದೊಳಗೆ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ಅಳೆಯುತ್ತಾರೆ. ಮೇಲಿನ ಲಾವಾದಲ್ಲಿ ಅಲೆ ನಿಧಾನ, ಕೆಳಗೆ ಹೋದಂತೆ ಬೇಗ. ಕೆಳ ತೊಗಟೆಯಲ್ಲಿ ಸೆಕೆಂಡಿಗೆ 6.5ರಿಂದ 7.2 ಕಿ.ಮೀ. ಅದರ ಕೆಳಗೆ ಥಟ್ಟನೆ 8ರ ಹತ್ತಿರ ಜಿಗಿಯುತ್ತದೆ. ಅಂಥ ಜಿಗಿತವನ್ನು 1909ರಲ್ಲಿ ಭೂಕಂಪದ ಅಲೆಗಳಲ್ಲಿ ಮೊದಲು ಗುರುತಿಸಿದವರು ಮೊಹೊರೊವಿಚಿಚ್. ಅವರ ಹೆಸರಲ್ಲೇ ಆ ಗಡಿಗೆ ಮೋಹೊ ಅನ್ನುತ್ತಾರೆ.

ಬೀದರ್ ಸುರಂಗ
ಮೇಡಂ, ಇಲ್ಲಿ ನನಗೇ ಒಂದು ಗೊಂದಲ. ಅಲೆಯ ವೇಗದ ಸೂತ್ರದಲ್ಲಿ ಸಾಂದ್ರತೆ ಭಾಗಾಕಾರದ ಗೆರೆಯ ಕೆಳಗೆ ಇರುತ್ತದೆ. ಕಲ್ಲು ಭಾರ ಆದಷ್ಟೂ ಅಲೆ ನಿಧಾನ ಆಗಬೇಕಲ್ವಾ? ಮಕ್ಕಳು ಕೇಳಿದರೆ ಏನು ಹೇಳಲಿ?

ಯಾದಗಿರಿ ಗುಡ್ಡ
ಗೆರೆಯ ಮೇಲೆ ಇನ್ನೊಂದು ಅಂಶ ಇದೆ ಸರ್, ಬಿಗಿತ. ಭಾರದ ಖನಿಜ ಸಾಮಾನ್ಯವಾಗಿ ಇನ್ನೂ ಹೆಚ್ಚು ಬಿಗಿ. ಗ್ಯಾಬ್ರೊದಲ್ಲಿರುವ ಆಲಿವೀನ್, ಪೈರಾಕ್ಸೀನ್ ಅನ್ನುವ ಖನಿಜಗಳು ಪ್ಲಾಜಿಯೊಕ್ಲೇಸ್ ಅನ್ನುವ ಬಿಳಿ ಖನಿಜಕ್ಕಿಂತ ಭಾರ, ಆದರೆ ಬಿಗಿತ ಅದಕ್ಕಿಂತ ಜಾಸ್ತಿ ಪಾಲು ಏರುತ್ತದೆ. ಹಾಗಾಗಿ ಅಲೆ ಬೇಗ ಹೋಗುತ್ತದೆ. ಫ್ರಾನ್ಸಿಸ್ ಬರ್ಚ್ ಅನ್ನುವವರು 1961ರಲ್ಲಿ ಇದನ್ನೇ ನೇರ ಗೆರೆಯಲ್ಲಿ ತೋರಿಸಿದರು.

ಗೆರೆಗೆ ಜಗ್ಗದವರೂ ಇದ್ದಾರೆ. 735ಬಿ ತೂತಿನಲ್ಲಿ ಕಬ್ಬಿಣ, ಟೈಟಾನಿಯಂ ತುಂಬಿದ ಗ್ಯಾಬ್ರೊ ಬಹಳ ಸಿಕ್ಕಿತು. ಸಾಂದ್ರತೆ 3.1, 3.2 ದಾಟುತ್ತದೆ, ವೇಗ ಆ ಲೆಕ್ಕದಲ್ಲಿ ಏರುವುದಿಲ್ಲ. ಮ್ಯಾಗ್ನೆಟೈಟ್ ಅನ್ನುವ ಅಯಸ್ಕಾಂತೀಯ ಕಬ್ಬಿಣದ ಖನಿಜ ಇರುವ ಕಾರಣ ಹಡಗಿನ ಅಯಸ್ಕಾಂತ ಮಾಪಕದಲ್ಲಿ ಮಾತ್ರ ಮುಳ್ಳು ಹಾರುತ್ತದೆ.

ಫರ್ಸಿ ಕಾಕಾ, ಕಲಬುರಗಿ
ಅಯಸ್ಕಾಂತ ಅಂದಿರಲ್ಲ, ಹುಡುಗಿ ಅಂಗಡಿಯ ಕಲ್ಲಿಗೆಲ್ಲ ಸ್ಪೀಕರಿನ ಅಯಸ್ಕಾಂತ ಕಟ್ಟಿ ತೂಗುಬಿಟ್ಟಳು. ಫರ್ಸಿ ಕಡೆ ತಿರುಗಿಯೂ ನೋಡಲಿಲ್ಲ. ಆಳಂದದ ಕರಿ ಕಲ್ಲಿಗೆ ಸ್ವಲ್ಪ ವಾಲಿತು.

ಈಗ ಆ "ಒಂದಕ್ಕೂ ಕಮ್ಮಿ" ಕಥೆ ಹೇಳಿ ಮೇಡಂ. ನಡುವೆ ಬಿಟ್ಟಿರಿ.

ಯಾದಗಿರಿ ಗುಡ್ಡ
ಕಾಕಾ, ನೀವು ಫರ್ಸಿ ಇಳಿಸಿಕೊಳ್ಳುವಾಗ ಒಡೆದದ್ದು ಅಂತ ಹೇಗೆ ಗುರುತಿಸುತ್ತೀರಿ?

ಫರ್ಸಿ ಕಾಕಾ, ಕಲಬುರಗಿ
ಅದಕ್ಕೇನು. ಒಂದು ಮೂಲೆ ಎತ್ತಿ ಬೆರಳಿನ ಗೆಣ್ಣಿನಿಂದ ಬಾರಿಸುತ್ತೇನೆ. ಠಣ್ ಅಂದರೆ ಒಳ್ಳೆಯದು. ಠಪ್ ಅಂದರೆ ಒಳಗೆ ಕೂದಲೆಳೆ ಬಿಟ್ಟಿದೆ. ಕಣ್ಣಿಗೆ ಕಾಣದಿದ್ದರೂ ವಾಪಸ್ ಹಾಕುತ್ತೇನೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸರೂ ಇದನ್ನೇ ಮಾಡುತ್ತಾರೆ.

ಯಾದಗಿರಿ ಗುಡ್ಡ
ಆ ಕೂದಲೆಳೆ ಬಿಟ್ಟ ಫರ್ಸಿ ತೂಗಿದರೆ ವ್ಯತ್ಯಾಸ ಗೊತ್ತಾಗುತ್ತದಾ? ಇಲ್ಲ. ಗಾತ್ರದಲ್ಲಿ? ಅದೂ ಇಲ್ಲ. ಸದ್ದಿನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಗ್ಯಾಬ್ರೊದಲ್ಲೂ ಹೀಗೆಯೇ. ನೂರಕ್ಕೆ ಅರ್ಧದಷ್ಟು ಜಾಗ ಸಾಕು. ಅದು ದುಂಡಗಿನ ತೂತಾಗಿದ್ದರೆ ಅಲೆಗೆ ಹೆಚ್ಚು ತೊಂದರೆ ಇಲ್ಲ. ಅದೇ ಜಾಗ ತೆಳ್ಳಗಿನ ಬಿರುಕುಗಳಾಗಿ ಹರಡಿಕೊಂಡಿದ್ದರೆ ಕಲ್ಲಿನ ಬಿಗಿತವೇ ಹೋಗುತ್ತದೆ, ವೇಗ ಕುಸಿಯುತ್ತದೆ. ಬಿರುಕು ಒಣಗಿದ್ದರೆ ಇನ್ನೂ ಕೆಟ್ಟದು. ನೀರು ತುಂಬಿದ್ದರೆ ಅಷ್ಟಿಷ್ಟು ಸುಧಾರಿಸುತ್ತದೆ.

ಈಗ ಯೋಚಿಸಿ. ಕೆಳಗೆ ಕಲ್ಲಿನ ಮೇಲೆ ಕಿಲೋಮೀಟರ್‌ಗಟ್ಟಲೆ ನೀರು, ಕಿಲೋಮೀಟರ್‌ಗಟ್ಟಲೆ ಕಲ್ಲು. ಆ ಭಾರಕ್ಕೆ ಬಿರುಕು ಮುಚ್ಚಿಕೊಂಡಿರುತ್ತದೆ. ಅದೇ ಕಲ್ಲನ್ನು ಮೇಲೆ ತಂದರೆ ಭಾರ ಇಳಿದು ಬಿರುಕು ಬಾಯಿ ಬಿಡುತ್ತದೆ. ಕೊರೆಯುವಾಗ ಬಿದ್ದ ಪೆಟ್ಟು ಬೇರೆ. ಹಾಗಾಗಿ ಹಡಗಿನ ಮೇಜಿನ ಮೇಲೆ ಅಳೆದ ವೇಗ ಕೆಳಗಿನ ನಿಜವಾದ ವೇಗಕ್ಕಿಂತ ಕಮ್ಮಿ ಬರಬಹುದು. ಊರಿಗೆ ತಂದು ಯಂತ್ರದಲ್ಲಿ ಒತ್ತುತ್ತಾ ಅಳೆಯುತ್ತಾರೆ. ವಾತಾವರಣದ ಒತ್ತಡಕ್ಕಿಂತ ಸಾವಿರ, ಎರಡು ಸಾವಿರ ಪಟ್ಟು. ಮೊದಮೊದಲು ವೇಗ ಸರ್ರನೆ ಏರುತ್ತದೆ, ಬಿರುಕು ಮುಚ್ಚಿದ ಮೇಲೆ ಏರಿಕೆ ಸೌಮ್ಯವಾಗುತ್ತದೆ. ಆಗ ಬರುವ 7ರ ಆಸುಪಾಸಿನ ಅಂಕಿ ಕಲ್ಲಿನ ಸ್ವಂತದ್ದು.

ತೊಗರಿ ಹೊಲ, ಸೇಡಂ
ಹಾಗಾದರೆ ಸುಲಭ ಆಯಿತಲ್ಲ. ವೇಗ 6.5 ದಾಟಿತು ಅಂದರೆ ಅಲ್ಲಿಂದ ಗ್ಯಾಬ್ರೊ ಶುರು.

ಯಾದಗಿರಿ ಗುಡ್ಡ
ಎಲ್ಲರೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದರು. ಪೂರ್ವ ಪೆಸಿಫಿಕ್‌ನಲ್ಲಿ, ಕೋಸ್ಟರಿಕಾ ರಿಫ್ಟ್ ಅನ್ನುವ ನೀರಡಿಯ ಏಣಿನ ದಕ್ಷಿಣಕ್ಕೆ 504ಬಿ ಅನ್ನುವ ತೂತು ಇದೆ. 1979ರಿಂದ 1993ರವರೆಗೆ ಬಿಟ್ಟು ಬಿಟ್ಟು ಕೊರೆದು 2111 ಮೀಟರ್ ಇಳಿಸಿದರು. ಅಲೆಗಳ ಲೆಕ್ಕದಲ್ಲಿ "ಮೂರನೇ ಪದರ", ಅಂದರೆ ಗ್ಯಾಬ್ರೊ ಪದರ, ತೂತಿನ ತಳಕ್ಕಿಂತ ಮೇಲೆಯೇ ಶುರುವಾಗಿತ್ತು. ತೆಗೆದು ನೋಡಿದರೆ ಕೊನೆಯವರೆಗೂ ಡೈಕುಗಳೇ. ಗ್ಯಾಬ್ರೊ ಸುಳಿವೇ ಇಲ್ಲ! ಅಲ್ಲಿ ಬದಲಾಗಿದ್ದು ಕಲ್ಲಿನ ಜಾತಿ ಅಲ್ಲ. ಕಲ್ಲಿನೊಳಗಿನ ಸಣ್ಣ ತೂತು, ಬಿರುಕು ಕಮ್ಮಿಯಾಗಿದ್ದವು, ಬಿಸಿನೀರಿಗೆ ಕಲ್ಲು ಮಾರ್ಪಟ್ಟ ರೀತಿ ಬದಲಾಗಿತ್ತು. ಅದರಿಂದಲೇ ವೇಗ ಏರಿತ್ತು.

ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ತೂತು ಇದೇ. ಗ್ಯಾಬ್ರೊ ಸಿಗದಿದ್ದರೂ.

ಬೋರ್‌ವೆಲ್ ಬಸ್ಸು, ಆಳಂದ
ಬಿರುಕು ಅಂದರೆ ನಮ್ಮ ಅನ್ನ ಅಕ್ಕಾರ. ಯಾದಗಿರಿ ಕಡೆ ಕಲ್ಲಿನಲ್ಲಿ ಸಂದಿ ಸಿಗದಿದ್ದರೆ ಎಷ್ಟು ಆಳ ಹೊಡೆದರೂ ಬರೀ ಬಿಳಿ ಧೂಳು. ಸಮುದ್ರದಡಿಯ ಬಿರುಕಿಗೂ ನೀರು ಇಳಿಯುತ್ತದಲ್ಲ?

ಯಾದಗಿರಿ ಗುಡ್ಡ
ಇಳಿಯುತ್ತದೆ, ಇಳಿದು ಕಲ್ಲನ್ನೇ ಬದಲಿಸುತ್ತದೆ. ಆಲಿವೀನ್‌ಗೆ ನೀರು ಸೇರಿದರೆ ಸರ್ಪೆಂಟೀನ್ ಆಗುತ್ತದೆ. 3.3 ಇದ್ದ ಸಾಂದ್ರತೆ 2.6ರ ಹತ್ತಿರಕ್ಕೆ ಇಳಿಯುತ್ತದೆ, ಕಲ್ಲು ಉಬ್ಬುತ್ತದೆ. ಇದರಿಂದ ಇನ್ನೊಂದು ಫಜೀತಿ. ಮೋಹೊ ಕೆಳಗಿನ ಕಲ್ಲು ಅರ್ಧಂಬರ್ಧ ಸರ್ಪೆಂಟೀನ್ ಆದರೆ ಅದರ ವೇಗವೂ 7ರ ಆಸುಪಾಸಿಗೆ ಬಂದು ಗ್ಯಾಬ್ರೊ ವೇಷ ಹಾಕುತ್ತದೆ. ಹ್ಯಾರಿ ಹೆಸ್ 1962ರಲ್ಲಿ ಮೂರನೇ ಪದರವೇ ಸರ್ಪೆಂಟೀನ್ ಅಂತ ವಾದಿಸಿದ್ದರು. ಅಡ್ಡ ಅಲ್ಲಾಡುವ ಇನ್ನೊಂದು ಬಗೆಯ ಅಲೆಯನ್ನೂ ಅಳೆದು ಎರಡನ್ನೂ ಹೋಲಿಸಿದರೆ ವೇಷ ಸ್ವಲ್ಪ ಮಟ್ಟಿಗೆ ಕಳಚುತ್ತದೆ.

ಕೋರ್, ಅಂದರೆ ಕೊರೆದು ಮೇಲೆ ತಂದ ಕಲ್ಲಿನ ತುಂಡು, ನಂಬುವಾಗಲೂ ಎಚ್ಚರ ಬೇಕು. 735ಬಿಯಲ್ಲಿ ಕೊರೆದದ್ದರಲ್ಲಿ ನೂರಕ್ಕೆ 85ಕ್ಕಿಂತ ಜಾಸ್ತಿ ಕೈಗೆ ಸಿಕ್ಕಿತು, ಅದು ಅಪರೂಪದ ಅದೃಷ್ಟ. ಬೇರೆ ಕಡೆ ಪುಡಿಯಾದದ್ದು ಕಳೆದುಹೋಗಿ ಗಟ್ಟಿ ತುಂಡು ಮಾತ್ರ ಮೇಲೆ ಬರುತ್ತದೆ. ಡಬ್ಬಿಯಿಂದ ಇಡೀ ಹಪ್ಪಳ ಮಾತ್ರ ಆರಿಸಿಕೊಂಡು "ಒಂದೂ ಮುರಿದಿಲ್ಲ" ಅಂದ ಹಾಗೆ.

ಬೀದರ್ ಸುರಂಗ
ನನ್ನ ತಮ್ಮ ಮಸ್ಕತ್‌ನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿ ಸಮುದ್ರದ ತೊಗಟೆ ನೆಲದ ಮೇಲೇ ಬಿದ್ದಿದೆ ಅಂತ ಎಲ್ಲೋ ಓದಿದ್ದೆ. ಹೌದಾ?

ಯಾದಗಿರಿ ಗುಡ್ಡ
ಹೌದು ಸರ್! ಓಮಾನಿನ ಸಮೈಲ್ ಬೆಟ್ಟಗಳು. ಹತ್ತು ಕೋಟಿ ವರ್ಷಕ್ಕೆ ಸ್ವಲ್ಪ ಕಮ್ಮಿ ಹಿಂದೆ ಹುಟ್ಟಿದ ಸಾಗರದ ತೊಗಟೆ, ತೊಗಟೆಯ ಕೆಳಗಿನ ಪದರವಾದ ಮ್ಯಾಂಟಲ್ ಸಮೇತ ನೆಲದ ಮೇಲೆ ಏರಿ ಕೂತಿದೆ. ಗ್ಯಾಬ್ರೊದಲ್ಲಿ ಕಪ್ಪು ಬಿಳಿ ಪಟ್ಟೆ, ಜಮಖಾನೆಯ ಹಾಗೆ. ತಮ್ಮನಿಗೆ ಫೋಟೊ ಕಳಿಸಲು ಹೇಳಿ.

ಬೀದರ್ ಸುರಂಗ
ಫೋಟೊ ಯಾಕೆ, ನನ್ನ ಹತ್ತಿರ ಕಲ್ಲೇ ಇದೆ! ನೀವು ಹೇಳಿದ ಮೇಲೆ ಶೋಕೇಸಿನಲ್ಲಿ ಹುಡುಕಿದೆ. ಹಿಂದೊಮ್ಮೆ ಅವನು ಊರಿಗೆ ಬಂದಾಗ ಖರ್ಜೂರದ ಡಬ್ಬಿ ಜೊತೆ ಪಟ್ಟೆ ಕಲ್ಲೊಂದು ತಂದಿದ್ದ. ಹಳ್ಳದಲ್ಲಿ ಸಿಕ್ಕಿದ್ದಂತೆ. ಭಾನುವಾರ ಕಲಬುರಗಿಗೆ ಬರುತ್ತಿದ್ದೇನೆ. ಕಾಕಾ, ಡಬ್ಬಿ ನೀರು ರೆಡಿ ಇಡಿ.

ಫರ್ಸಿ ಕಾಕಾ, ಕಲಬುರಗಿ
ಭಾನುವಾರದ ವರದಿ. ಸರ್ ಬಂದಿದ್ದರು, ಜೋಳದ ರೊಟ್ಟಿ ಊಟ ಆಯಿತು, ಕಲ್ಲೂ ತೂಗಿದೆವು. ಒಣ ತೂಕ 612 ಗ್ರಾಂ. ಗಾತ್ರ 214. ಅಂದರೆ 2.86. ನಮ್ಮ ಗ್ಯಾಲಕ್ಸಿಗಿಂತ ಕಮ್ಮಿ. ರಾತ್ರಿ ನೆನೆಸಿದ ಮೇಲೆ 615. ಸರ್ ಮುಖ ಸಣ್ಣದಾಯಿತು, ಇದು ಗ್ಯಾಬ್ರೊ ಅಲ್ಲವೇನೋ ಅಂತ.

ಯಾದಗಿರಿ ಗುಡ್ಡ
ಬಿಳಿ ಪಟ್ಟೆ ಜಾಸ್ತಿ ಇದೆಯಾ? ಪ್ಲಾಜಿಯೊಕ್ಲೇಸ್ ಪಾಲು ಏರಿದರೆ ತೂಕ ಇಳಿಯುತ್ತದೆ. ಇನ್ನೊಂದು ನೋಡಿ, ಎಲ್ಲಾದರೂ ಹಸಿರು ಗೆರೆ ಇದೆಯಾ? ಬಿರುಕಿಗೆ ನೀರು ಇಳಿದು ಕಲ್ಲು ಬದಲಾದರೆ ಹಾಗೆ ಕಾಣುತ್ತದೆ.

ಫರ್ಸಿ ಕಾಕಾ, ಕಲಬುರಗಿ
ಎರಡೂ ಇದೆ ಮೇಡಂ. ಕಟಿಂಗ್ ಮಷೀನ್ ಹಾಕಿ ಒಂದು ಬದಿ ಪಾಲಿಶ್ ಮಾಡಿದೆ. ಉದ್ದಕ್ಕೂ ಒಂದು ಹಸಿರು ಗೆರೆ, ದಾರದಷ್ಟು. ಅದರ ಪಕ್ಕದಲ್ಲಿ ಇನ್ನೂ ಸಣ್ಣ ಎರಡು.

ಹುಡುಗಿ ಹೇಳುತ್ತಿದ್ದಾಳೆ, ತೂಗುವ ಮುಂಚೆ ಅವಳು ಗೆಣ್ಣಿನಿಂದ ಬಾರಿಸಿ ನೋಡಿದ್ದಳಂತೆ. ಠಪ್ ಅಂದಿತ್ತಂತೆ.